ಗಡಿ ದಾಟುವ ಹಕ್ಕಿಯನ್ನು ಒಂದು ಉದ್ಯಾನದ ಲೆಕ್ಕಕ್ಕೆ ಸೇರಿಸುವುದು ಹೇಗೆ? ಆಫ್ರಿಕಾದ ರಣಹದ್ದು ಎಣಿಕೆಗಳ ಕುರಿತು

ಪ್ರಶ್ನೆ: ಪ್ರಾಣಿಶಾಸ್ತ್ರ ಅಧ್ಯಾಪಕಿ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರಿನ ಪದವಿ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಬೋಧಿಸುತ್ತೇನೆ. ಪ್ರತಿ ಸೆಪ್ಟೆಂಬರ್ ತಿಂಗಳ ಮೊದಲ ಶನಿವಾರ ಬರುವ ಅಂತರರಾಷ್ಟ್ರೀಯ ರಣಹದ್ದು ಜಾಗೃತಿ ದಿನಕ್ಕೆ ನಮ್ಮ ಅಂತಿಮ ವರ್ಷದ ವಿದ್ಯಾರ್ಥಿಗಳು ಪ್ರಬಂಧವೊಂದನ್ನು ಸಿದ್ಧಪಡಿಸುತ್ತಿದ್ದಾರೆ. ಭಾರತದ ಕಥೆ, ಅಂದರೆ ದನಗಳಿಗೆ ಕೊಡುತ್ತಿದ್ದ, ಅವುಗಳ ಕಳೇಬರ ತಿಂದ ರಣಹದ್ದುಗಳನ್ನು ಕೊಂದ ಡೈಕ್ಲೋಫೆನಾಕ್ ಎಂಬ ನೋವುನಿವಾರಕ ಮತ್ತು ಅದರ ನಿಷೇಧದ ಕಥೆ, ಎಲ್ಲರೂ ಹೇಳಿ ಮುಗಿಸಿರುವುದರಿಂದ ಅವರು ಆಫ್ರಿಕಾದ ಸಂರಕ್ಷಿತ ಪ್ರದೇಶಗಳಲ್ಲಿ ರಣಹದ್ದುಗಳ ಸಂಖ್ಯೆಯ ಮೇಲೆ ನಿಗಾ ಇಡುವ ವಿಧಾನಗಳನ್ನು ಆರಿಸಿಕೊಂಡಿದ್ದಾರೆ. ಆಯ್ಕೆ ಒಳ್ಳೆಯದೇ. ಆದರೆ ಓದುತ್ತಾ ಹೋದಂತೆ ನನಗೇ ಕೆಲವು ಸಂದೇಹಗಳು ಹುಟ್ಟಿವೆ.

2015ರಲ್ಲಿ ಐಯುಸಿಎನ್ (ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ) ಕೆಂಪುಪಟ್ಟಿಯಲ್ಲಿ ಆಫ್ರಿಕಾದ ಬಿಳಿಬೆನ್ನಿನ ರಣಹದ್ದು, ಬಿಳಿತಲೆಯ ರಣಹದ್ದು, ರಪ್ಪೆಲ್ ರಣಹದ್ದು ಮತ್ತು ಹುಡೆಡ್ ರಣಹದ್ದು ಈ ನಾಲ್ಕನ್ನೂ ಒಮ್ಮೆಗೇ ‘ತೀವ್ರ ಅಳಿವಿನಂಚಿನ’ ವರ್ಗಕ್ಕೆ ಸೇರಿಸಲಾಯಿತು. ಅದಕ್ಕೆ ಆಧಾರವಾದ ಅಧ್ಯಯನದ ಪ್ರಕಾರ ಎಂಟು ಪ್ರಭೇದಗಳು ಮೂರು ದಶಕಗಳಲ್ಲಿ ಸರಾಸರಿ ಶೇ 62ರಷ್ಟು ಕುಸಿದಿವೆ. ಈ ಅಂಕಿಯ ಬೇರನ್ನು ಹುಡುಕಿದರೆ ಬಹುಪಾಲು ದತ್ತಾಂಶ ರಸ್ತೆ ಎಣಿಕೆಯಿಂದ ಬಂದದ್ದು: ವಾಹನದಲ್ಲಿ ನಿಗದಿತ ವೇಗದಲ್ಲಿ ಹೋಗುತ್ತಾ, ಎರಡೂ ಬದಿಯಲ್ಲಿ ಕಂಡ ಹಕ್ಕಿಗಳನ್ನು ಬರೆದುಕೊಳ್ಳುವುದು. ನಮ್ಮ ವಿದ್ಯಾರ್ಥಿಗಳು ಕಡೂರಿನ ಬಾಸೂರು ಅಮೃತಮಹಲ್ ಕಾವಲಿನಲ್ಲಿ ಕೃಷ್ಣಮೃಗಗಳನ್ನು ಎಣಿಸುವಾಗ, ಇಂದು ಕಂಡ ಹಿಂಡು ನಾಳೆಯೂ ಆ ಕಾವಲಿನಲ್ಲೇ ಇದ್ದೀತು ಎಂಬ ಭರವಸೆಯಾದರೂ ಇರುತ್ತದೆ. ಬೆಳಿಗ್ಗೆ ಒಂದು ದೇಶದಲ್ಲಿದ್ದು ಸಂಜೆಗೆ ಇನ್ನೊಂದು ದೇಶದ ಆಕಾಶದಲ್ಲಿರಬಲ್ಲ ಹಕ್ಕಿಯನ್ನು ಒಂದು ರಾಷ್ಟ್ರೀಯ ಉದ್ಯಾನದ ರಸ್ತೆಯಿಂದ ಎಣಿಸಿ, ‘ಈ ಉದ್ಯಾನದಲ್ಲಿ ಇಷ್ಟು ಕಡಿಮೆಯಾಯಿತು’ ಎಂದು ಹೇಳುವುದಕ್ಕೆ ಏನು ಅರ್ಥ?

ಇದರ ಜೊತೆಗೇ ಇನ್ನೊಂದು. ಉದ್ಯಾನದ ಒಳಗೆ ಹೆಚ್ಚು, ಹೊರಗೆ ಕಡಿಮೆ ಎಂಬ ಫಲಿತಾಂಶವನ್ನು ಹಲವು ಕಡೆ ಓದಿದೆ. ಒಳಗೆ ಅವು ಸುರಕ್ಷಿತವಾಗಿ ಬದುಕುತ್ತಿವೆ ಎಂದು ಇದರಿಂದ ತೀರ್ಮಾನಿಸಬಹುದೇ, ಅಥವಾ ಊಟ ಅಲ್ಲಿದೆ ಎಂಬ ಕಾರಣಕ್ಕೆ ಅವು ಅಲ್ಲಿ ಕಾಣಿಸುತ್ತವೆ ಎಂದಷ್ಟೇ ತಿಳಿಯಬೇಕೇ? ಕ್ಷೇತ್ರದಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ 1: ಪರಿಸರ ಸಂಶೋಧಕ, ಹಾಸನ

ಮೇಡಂ, ನಿಮ್ಮ ಸಂದೇಹ ಸರಿಯಾದ ಜಾಗದಲ್ಲೇ ಇದೆ. ನಾನು ಕೆಲವು ವರ್ಷ ಪೂರ್ವ ಮತ್ತು ದಕ್ಷಿಣ ಆಫ್ರಿಕಾದ ಉದ್ಯಾನಗಳಲ್ಲಿ ಸಮೀಕ್ಷಾ ತಂಡಗಳೊಂದಿಗೆ ಕೆಲಸ ಮಾಡಿದ್ದೇನೆ, ಈಗ ಹಾಸನದಲ್ಲಿದ್ದೇನೆ. ರಸ್ತೆ ಎಣಿಕೆಯ ಅಂಕಿಯನ್ನು ‘ಉದ್ಯಾನದ ರಣಹದ್ದುಗಳ ಸಂಖ್ಯೆ’ ಎಂದು ಓದುವುದು, ಸಂತೆಯ ದಿನ ಕಡೂರಿನ ಬೀದಿಯಲ್ಲಿ ನಿಂತು ತಲೆ ಎಣಿಸಿ ಅದನ್ನೇ ಕಡೂರಿನ ಜನಸಂಖ್ಯೆ ಎಂದಂತೆ. ಹಾಗೆಂದು ಆ ಎಣಿಕೆ ವ್ಯರ್ಥವಲ್ಲ. ಅದೇ ಬೀದಿಯಲ್ಲಿ, ಅದೇ ಸಂತೆಯ ದಿನ, ಅದೇ ಹೊತ್ತಿನಲ್ಲಿ ಮೂವತ್ತು ವರ್ಷಗಳ ನಂತರ ಎಣಿಸಿದಾಗ ಅರ್ಧಕ್ಕಿಂತ ಕಡಿಮೆ ಜನ ಕಂಡರೆ, ಸುತ್ತಲ ಸೀಮೆಗೆ ಏನೋ ಆಗಿದೆ ಎಂಬುದಂತೂ ನಿಜ. ಎಷ್ಟಿವೆ ಎಂಬ ಪ್ರಶ್ನೆಗೆ ರಸ್ತೆ ಎಣಿಕೆಯಲ್ಲಿ ಉತ್ತರವಿಲ್ಲ. ದಶಕಗಳ ಅಂತರದಲ್ಲಿ ಸಂಖ್ಯೆ ಯಾವ ದಿಕ್ಕಿಗೆ ಹೋಗಿದೆ ಎಂಬುದಕ್ಕೆ ಮಾತ್ರ ಅದನ್ನು ನಂಬಬಹುದು.

ಕೀನ್ಯಾದ ಮಸಾಯಿ ಮಾರಾದಲ್ಲಿ ನಡೆದದ್ದು ಇದೇ. 1970 ಮತ್ತು 80ರ ದಶಕಗಳಲ್ಲಿ ಮಾಡಿದ್ದ ರಸ್ತೆ ಎಣಿಕೆಗಳನ್ನು 2003ರಿಂದ 2005ರವರೆಗಿನ ಎಣಿಕೆಗಳೊಂದಿಗೆ ಹೋಲಿಸಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಹುತೇಕ ಪ್ರಭೇದಗಳು ಸುಮಾರು ಶೇ 60ರಷ್ಟು ಇಳಿದಿರುವುದು ಕಂಡುಬಂತು. ಅಲ್ಲಿನ ದೊಡ್ಡ ತೊಡಕು ವೈಲ್ಡ್‌ಬೀಸ್ಟ್‌ಗಳ ವಲಸೆ. ಲಕ್ಷಾಂತರ ಪ್ರಾಣಿಗಳು ಸೆರೆಂಗೆಟಿಯಿಂದ ಮಾರಾಕ್ಕೆ ಬಂದು ಹೋಗುವ ಆ ತಿಂಗಳುಗಳಲ್ಲಿ ರಣಹದ್ದುಗಳೂ ಅಲ್ಲೇ ಸೇರುವುದರಿಂದ, ಒಂದು ವರ್ಷ ಜುಲೈನಲ್ಲಿ ಎಣಿಸಿ ಇನ್ನೊಂದು ವರ್ಷ ಮಾರ್ಚ್‌ನಲ್ಲಿ ಎಣಿಸಿದರೆ ಹೋಲಿಕೆಗೆ ಅರ್ಥವೇ ಇರುವುದಿಲ್ಲ. ಆದುದರಿಂದ ವಲಸೆಯ ಕಾಲವನ್ನೂ ಉಳಿದ ಕಾಲವನ್ನೂ ಬೇರೆಬೇರೆಯಾಗಿಯೇ ನೋಡಬೇಕು. ಮಾರಾದ ರಣಹದ್ದುಗಳಿಗೆ ಟ್ಯಾಗ್, ಅಂದರೆ ಹಕ್ಕಿ ಎಲ್ಲಿದೆಯೆಂದು ತಿಳಿಸುವ ಪುಟ್ಟ ಯಂತ್ರ, ಹಾಕಿ ನೋಡಿದವರಿಗೆ ಇನ್ನೂ ಸ್ವಾರಸ್ಯದ ಸಂಗತಿ ತಿಳಿಯಿತು. ಅವು ಬೇಟೆಪ್ರಾಣಿಗಳು ಹೆಚ್ಚಿರುವ ಕಡೆಗೆ ಹೋಗುವುದಕ್ಕಿಂತ ಪ್ರಾಣಿಗಳು ಹೆಚ್ಚಾಗಿ ಸಾಯುತ್ತಿರುವ ಕಡೆಗೆ ಹೋಗುತ್ತವೆ. ಮಳೆ ಬಿದ್ದು ಹುಲ್ಲು ಚಿಗುರಿ ಹಿಂಡುಗಳು ಕೊಬ್ಬಿದಾಗ ಅವು ಆ ಹಿಂಡುಗಳನ್ನೇ ಬಿಟ್ಟು, ಒಣಗಿ ಸೊರಗಿದ ಬೇರೆ ಪ್ರದೇಶಗಳಿಗೆ ಹಾರುತ್ತವೆ.

ಗೂಡುಗಳ ಎಣಿಕೆ ಇದಕ್ಕಿಂತ ಗಟ್ಟಿಯಾದದ್ದು. ಗೂಡಿಗೆ ಗಡಿ ದಾಟಲಾಗದು. ಕೇಪ್ ರಣಹದ್ದು ಮತ್ತು ರಪ್ಪೆಲ್ ರಣಹದ್ದು ನಮ್ಮ ರಾಮನಗರದ ಉದ್ದ ಕೊಕ್ಕಿನ ರಣಹದ್ದುಗಳಂತೆ ಬಂಡೆಗಳ ಕಡಿದಾದ ಮುಖದಲ್ಲಿ ಗುಂಪಾಗಿ ಗೂಡು ಕಟ್ಟುತ್ತವೆ. ಎದುರು ಬದಿಯಲ್ಲಿ ನಿಂತು ದೂರದರ್ಶಕದಿಂದ ನೋಡಿ, ಬಂಡೆಯ ಛಾಯಾಚಿತ್ರದ ಮೇಲೆ ಪ್ರತಿ ಗೂಡಿಗೂ ಸಂಖ್ಯೆ ಬರೆದು, ಮೊಟ್ಟೆಯಿಟ್ಟ ಕಾಲದಿಂದ ಮರಿ ಹಾರುವವರೆಗೆ ಮತ್ತೆ ಮತ್ತೆ ಬಂದು ನೋಡಿದರೆ ಎಷ್ಟು ಜೋಡಿಗಳು ಯತ್ನಿಸಿದವು, ಎಷ್ಟು ಗೆದ್ದವು ಎರಡೂ ಸಿಗುತ್ತವೆ. ದಕ್ಷಿಣ ಆಫ್ರಿಕಾದ ಮರಾಕೆಲೆ ರಾಷ್ಟ್ರೀಯ ಉದ್ಯಾನದ ಕ್ರಾನ್ಸ್‌ಬರ್ಗ್ ಬಂಡೆಗಳಂಥ ನೆಲೆಗಳಲ್ಲಿ ದಶಕಗಳಿಂದ ಇಂಥ ಎಣಿಕೆ ನಡೆದಿದೆ. ಕೇಪ್ ರಣಹದ್ದನ್ನು 2021ರಲ್ಲಿ ‘ಅಳಿವಿನಂಚಿನ’ ವರ್ಗದಿಂದ ಒಂದು ಮೆಟ್ಟಿಲು ಇಳಿಸಿ ‘ಅಪಾಯಕ್ಕೀಡಾಗಬಲ್ಲ’ ವರ್ಗದಲ್ಲಿ ಇರಿಸಿದರು. ಎಣಿಸಲು ಸುಲಭವಾದ ನೆಲೆಗಳಿಲ್ಲದಿದ್ದರೆ ಅಂಥ ತೀರ್ಮಾನಕ್ಕೆ ಧೈರ್ಯ ಬರುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ಮರದ ಮೇಲೆ ಗೂಡು ಕಟ್ಟುವ ಪ್ರಭೇದಗಳ ಪಾಡೇ ಬೇರೆ. ಕ್ರೂಗರ್ ಉದ್ಯಾನದ ವಿಸ್ತೀರ್ಣ ಸುಮಾರು 19,500 ಚದರ ಕಿಲೋಮೀಟರ್; ಅಷ್ಟನ್ನೂ ಕಾಲ್ನಡಿಗೆಯಲ್ಲಿ ಹುಡುಕಲಾಗದು. ಅಲ್ಲಿ ವಿಮಾನದಿಂದ ಪಟ್ಟಿಪಟ್ಟಿಯಾಗಿ ಹಾರಿ, ಮರದ ತುದಿಯಲ್ಲಿ ಹರಡಿಕೊಂಡಿರುವ ಗೂಡುಗಳನ್ನು ಮೇಲಿನಿಂದ ಗುರುತಿಸಿ, ಕಣ್ಣಿಗೆ ತಪ್ಪಿದವುಗಳ ಪ್ರಮಾಣವನ್ನು ಲೆಕ್ಕದಿಂದ ತುಂಬಿಕೊಂಡು ಅಂದಾಜು ಮಾಡಿದರು. 2013ರಲ್ಲಿ ಪ್ರಕಟವಾದ ಆ ಸಮೀಕ್ಷೆಯಲ್ಲಿ ಬಿಳಿಬೆನ್ನಿನ ರಣಹದ್ದಿನ ಸುಮಾರು 900 ಜೋಡಿಗಳು, ಲ್ಯಾಪೆಟ್ ಫೇಸ್ಡ್ ರಣಹದ್ದಿನ 80ರ ಆಸುಪಾಸಿನ ಜೋಡಿಗಳು, ಬಿಳಿತಲೆಯ ರಣಹದ್ದಿನ 60ರಷ್ಟು ಜೋಡಿಗಳು ಎಂಬ ಅಂದಾಜು ಬಂತು. ಕೊನೆಯ ಎರಡು ಅಂಕಿಗಳನ್ನು ವಿದ್ಯಾರ್ಥಿಗಳಿಗೆ ತೋರಿಸಿ. ಒಂದು ಸಣ್ಣ ರಾಜ್ಯದಷ್ಟು ದೊಡ್ಡ ಉದ್ಯಾನದಲ್ಲಿ 60 ಜೋಡಿಗಳೆಂದರೆ, ರಸ್ತೆ ಎಣಿಕೆಯಲ್ಲಿ ಆ ಪ್ರಭೇದ ಒಮ್ಮೆಯೂ ಕಾಣದೇ ಹೋಗುವ ಸಾಧ್ಯತೆ ಎಷ್ಟಿದೆ ಎಂಬುದು ಅವರಿಗೇ ಹೊಳೆಯುತ್ತದೆ.

ನಿಮ್ಮ ಎರಡನೆಯ ಪ್ರಶ್ನೆಗೆ ಉಪಗ್ರಹ ಟ್ಯಾಗ್‌ಗಳಿಂದ ಉತ್ತರ ಸಿಕ್ಕಿದೆ, ಅದು ನೆಮ್ಮದಿ ಕೊಡುವ ಉತ್ತರವಲ್ಲ. ದಕ್ಷಿಣ ಆಫ್ರಿಕಾದಲ್ಲಿ ಟ್ಯಾಗ್ ಹಾಕಿದ ಎಳೆಯ ಬಿಳಿಬೆನ್ನಿನ ರಣಹದ್ದುಗಳು ಬೋಟ್ಸ್ವಾನಾ, ನಮೀಬಿಯಾ, ಜಿಂಬಾಬ್ವೆಗಳ ಗಡಿ ದಾಟಿ ಅಲೆದವು. ಅವುಗಳ ಹೆಚ್ಚಿನ ಸಮಯ ಕಳೆದದ್ದು ಸಂರಕ್ಷಿತ ಪ್ರದೇಶಗಳ ಹೊರಗೆ, ಖಾಸಗಿ ಜಾನುವಾರು ಭೂಮಿಗಳಲ್ಲಿ. ಇನ್ನೊಂದು ಕಡೆ, 2024ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಆಫ್ರಿಕಾದ ಸವನ್ನಾಗಳ 42 ಜಾತಿಯ ಬೇಟೆಹಕ್ಕಿಗಳ ರಸ್ತೆ ಎಣಿಕೆಗಳನ್ನು ಒಟ್ಟುಗೂಡಿಸಿ, ಅವುಗಳಲ್ಲಿ ಶೇ 88ರಷ್ಟು ಇಳಿಮುಖವಾಗಿವೆ ಎಂದೂ, ಸಂರಕ್ಷಿತ ಪ್ರದೇಶಗಳ ಹೊರಗಿನ ಕುಸಿತ ಒಳಗಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಎಂದೂ ತೋರಿಸಿತು. ಈ ಎರಡನ್ನೂ ಒಟ್ಟಿಗೆ ಓದಬೇಕು. ಉದ್ಯಾನ ಗೂಡಿಗೂ ಊಟಕ್ಕೂ ನೆಲೆ ಒದಗಿಸುತ್ತದೆ, ಅದು ನಿಜ. ಆದರೆ ಅದೇ ಗೂಡಿನ ಹಕ್ಕಿ ವಾರದಲ್ಲಿ ಕೆಲವು ದಿನ ಹೊರಗೆ ಕಳೇಬರಗಳಿಗೆ ಹಾಕಿದ ವಿಷವನ್ನು ಎದುರಿಸಿ ಬರುತ್ತದೆ. ಒಳಗಿನ ಎಣಿಕೆ ಹೊರಗಿನ ಸಾವಿನ ಪರಿಣಾಮವನ್ನೂ ಹೊತ್ತಿರುತ್ತದೆ.

ಆದ್ದರಿಂದ ಈಗ ಕ್ಷೇತ್ರದಲ್ಲಿರುವ ಅನೇಕರು, ಹಕ್ಕಿಗಳ ಒಟ್ಟು ಸಂಖ್ಯೆಗಿಂತ ಅವು ಯಾವ ವೇಗದಲ್ಲಿ, ಎಲ್ಲಿ, ಯಾವುದರಿಂದ ಸಾಯುತ್ತಿವೆ ಎಂಬುದನ್ನು ಅಳೆಯುವ ಕಡೆಗೆ ತಿರುಗಿದ್ದಾರೆ. ತಾಂಜಾನಿಯಾದ ದಕ್ಷಿಣ ಭಾಗದ ರುವಾಹಾ ಪ್ರದೇಶದಲ್ಲಿ ಟ್ಯಾಗ್‌ಗಳನ್ನು ಬಳಸುತ್ತಿರುವುದು ಮುಖ್ಯವಾಗಿ ಈ ಉದ್ದೇಶಕ್ಕೆ. ಸಕಲೇಶಪುರ, ಆಲೂರು ಕಡೆ ಆನೆಗಳಿಗೆ ರೇಡಿಯೊ ಕಾಲರ್ ಹಾಕಿ, ಹಿಂಡು ಎತ್ತ ಬರುತ್ತಿದೆ ಎಂದು ಊರಿನವರಿಗೆ ಸಂದೇಶ ಕಳುಹಿಸುವ ವ್ಯವಸ್ಥೆಯನ್ನು ನೀವು ಬಲ್ಲಿರಿ. ಕಾಲರ್‌ನ ಉದ್ದೇಶ ಅಲ್ಲಿ ಆನೆಗಳನ್ನು ಎಣಿಸುವುದಲ್ಲವಷ್ಟೆ.

ಉತ್ತರ 2: ಸಂಖ್ಯಾಶಾಸ್ತ್ರ ಉಪನ್ಯಾಸಕ, ಹಾಸನ

ಮೇಲಿನವರು ಬರೆದದ್ದಕ್ಕೆ ಲೆಕ್ಕದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಮೂವತ್ತು ವರ್ಷಗಳಲ್ಲಿ ಶೇ 60ರಷ್ಟು ಕುಸಿತವೆಂದರೆ ಕೇಳುವವರ ಎದೆ ಝಲ್ಲೆನ್ನುತ್ತದೆ. ಆದರೆ ಅದನ್ನು ವರ್ಷಗಳಿಗೆ ಹಂಚಿದರೆ ವರ್ಷಕ್ಕೆ ಶೇ 3ರಷ್ಟು ಮಾತ್ರ. ಹಿಂದಿನ ವರ್ಷ 100 ಇದ್ದದ್ದು ಈ ವರ್ಷ 97. ಈ ಮೂರು ಹಕ್ಕಿಗಳ ವ್ಯತ್ಯಾಸವನ್ನು ರಸ್ತೆ ಎಣಿಕೆಯಲ್ಲಿ ಯಾವ ದೇವರೂ ಕಾಣಲಾರ. ಕಾರಣ, ರಣಹದ್ದುಗಳು ನೆಲದ ಮೇಲೆ ಸಮನಾಗಿ ಹರಡಿಕೊಂಡಿರುವುದಿಲ್ಲ. ನಿಮ್ಮ ರಸ್ತೆಯ ಪಕ್ಕದಲ್ಲೇ ಒಂದು ಜೀಬ್ರಾ ಸತ್ತಿದ್ದರೆ ಎಂಬತ್ತು ಕಾಣುತ್ತವೆ, ಇಲ್ಲದಿದ್ದರೆ ಆಕಾಶದಲ್ಲಿ ಎರಡು. ಹೀಗೆ ಗುಂಪುಗೂಡುವ ದತ್ತಾಂಶದಲ್ಲಿ ಚದುರುವಿಕೆ ಸರಾಸರಿಗಿಂತ ಬಹಳ ಹೆಚ್ಚಿರುವುದರಿಂದ, ತರಗತಿಯಲ್ಲಿ ಎಣಿಕೆಗೆಂದು ನಾವು ಮೊದಲು ಹೇಳಿಕೊಡುವ, ಚದುರುವಿಕೆ ಸರಾಸರಿಯಷ್ಟೇ ಇರುತ್ತದೆಂದು ಭಾವಿಸುವ ಪಾಯ್ಸಾನ್ ಮಾದರಿ ಇಲ್ಲಿ ಸಲ್ಲದು. ಅದನ್ನು ಬಳಸಿದರೆ ಇಲ್ಲದ ಖಚಿತತೆ ಇರುವಂತೆ ತೋರುತ್ತದೆ. ಹೆಚ್ಚು ಚದುರುವಿಕೆಗೆ ಅವಕಾಶವಿರುವ ಋಣಾತ್ಮಕ ದ್ವಿಪದ ಮಾದರಿಯನ್ನೋ, ಒಂಟಿ ಹಕ್ಕಿಗಳನ್ನೂ ಕಳೇಬರದ ಬಳಿಯ ಗುಂಪುಗಳನ್ನೂ ಪ್ರತ್ಯೇಕವಾಗಿ ನೋಡುವ ಕ್ರಮವನ್ನೋ ಅನುಸರಿಸಬೇಕು.

ಸಾವಿನ ಪ್ರಮಾಣವನ್ನು ಅಳೆಯುವುದು ಏಕೆ ಹೆಚ್ಚು ಸೂಕ್ಷ್ಮವೆಂಬುದಕ್ಕೆ ಒಂದು ಸರಳ ಲೆಕ್ಕ ಸಾಕು. ಪ್ರೌಢ ಹಕ್ಕಿಗಳಲ್ಲಿ ವರ್ಷಕ್ಕೆ ಶೇ 5 ಸಾಯುತ್ತಿದ್ದರೆ, ಪ್ರೌಢಾವಸ್ಥೆಗೆ ಬಂದ ಹಕ್ಕಿಯ ಮುಂದಿರುವ ಸರಾಸರಿ ಆಯಸ್ಸು 20 ವರ್ಷ. ಶೇ 10 ಸಾಯುತ್ತಿದ್ದರೆ ಅದು 10 ವರ್ಷ. ಈ ಜಾತಿಗಳು ಸಂತಾನೋತ್ಪತ್ತಿಗೆ ಬರುವ ಹೊತ್ತಿಗೆ ನಾಲ್ಕೈದು ವರ್ಷ ಕಳೆದಿರುತ್ತವೆ, ಜೋಡಿಯೊಂದು ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ, ಅದೂ ಎಲ್ಲ ವರ್ಷ ಮರಿಯಾಗಿ ಹಾರುವುದಿಲ್ಲ. ಆಯಸ್ಸಿನ ಅರ್ಧ ಹೋದರೆ ಬದುಕಿನಲ್ಲಿ ಬೆಳೆಸಬಹುದಾದ ಮರಿಗಳಲ್ಲೂ ಅರ್ಧ ಹೋಗುತ್ತದೆ. ಶೇ 95 ಮತ್ತು ಶೇ 90ರ ನಡುವಿನ ಬದುಕುಳಿಯುವ ವ್ಯತ್ಯಾಸವನ್ನು ಸಾಕಷ್ಟು ಟ್ಯಾಗ್‌ಗಳಿದ್ದರೆ ಕೆಲವೇ ವರ್ಷಗಳಲ್ಲಿ ಪತ್ತೆ ಹಚ್ಚಬಹುದು; ಅದೇ ವ್ಯತ್ಯಾಸ ರಸ್ತೆ ಎಣಿಕೆಯಲ್ಲಿ ಎದ್ದು ಕಾಣುವ ಹೊತ್ತಿಗೆ ದಶಕ ಕಳೆದಿರುತ್ತದೆ.

ಗೂಡಿನ ಎಣಿಕೆಯನ್ನೂ ಕಣ್ಣುಮುಚ್ಚಿ ನಂಬಬೇಡಿ ಎಂಬುದು ನನ್ನ ಸಲಹೆ. ಜೋಡಿಯಿಲ್ಲದೆ ಅಲೆಯುವ ಹಕ್ಕಿಗಳು ಪ್ರತಿ ಸಂತತಿಯಲ್ಲೂ ಇರುತ್ತವೆ. ಗೂಡಿನ ಒಡೆಯ ಸತ್ತರೆ ಅವುಗಳಲ್ಲೊಂದು ಬಂದು ಜಾಗ ತುಂಬುತ್ತದೆ. ಗೂಡುಗಳ ಸಂಖ್ಯೆ ಹಲವು ವರ್ಷ ಹಾಗೆಯೇ ನಿಂತಿರುತ್ತದೆ, ಹಿಂದಿನ ಸಾಲು ಖಾಲಿಯಾಗುತ್ತಿರುವುದು ಯಾರಿಗೂ ತಿಳಿಯುವುದಿಲ್ಲ. ಅದು ಪೂರ್ತಿ ಖಾಲಿಯಾದ ಮೇಲೆ ಗೂಡುಗಳು ಒಮ್ಮೆಲೇ ಕುಸಿಯುತ್ತವೆ.

ನಮ್ಮ ಸೀಮೆಯ ಉದಾಹರಣೆಯೂ ಇದೆ. ಕರ್ನಾಟಕ, ತಮಿಳುನಾಡು, ಕೇರಳ ಸೇರಿ 2023ರ ಫೆಬ್ರವರಿಯಲ್ಲಿ ನಡೆಸಿದ ಏಕಕಾಲದ ಎಣಿಕೆಯಲ್ಲಿ 246 ರಣಹದ್ದುಗಳೂ ಅದೇ ವರ್ಷದ ಡಿಸೆಂಬರ್ ಕೊನೆಯಲ್ಲಿ 320 ರಣಹದ್ದುಗಳೂ ಕಂಡವು. ಬಂಡೀಪುರ, ವಯನಾಡು, ಮುದುಮಲೈ ಕಾಡುಗಳ ನಡುವೆ ಹಾರಾಡುವ ಹಕ್ಕಿಗಳನ್ನು ಮೂರೂ ರಾಜ್ಯಗಳು ಒಂದೇ ಹೊತ್ತಿಗೆ ಎಣಿಸಿದ್ದು ಬಹಳ ಸರಿಯಾದ ಕ್ರಮ. ಆದರೆ ಹತ್ತು ತಿಂಗಳಲ್ಲಿ 74 ಹೆಚ್ಚಾದದ್ದು, ನನ್ನ ಅಭಿಪ್ರಾಯದಲ್ಲಿ, ಹಕ್ಕಿಗಳು ಹೆಚ್ಚಿದವೆಂಬುದಕ್ಕಿಂತ ಕಾಲ, ಹವಾಮಾನ ಮತ್ತು ಎಣಿಸುವವರ ಅಭ್ಯಾಸ ಬದಲಾದುದನ್ನು ಹೆಚ್ಚಾಗಿ ಸೂಚಿಸುತ್ತದೆ. ವಿದ್ಯಾರ್ಥಿಗಳಿಗೆ ಈ ಎರಡು ಅಂಕಿಗಳನ್ನು ಕೊಟ್ಟು, ‘ಏನು ತೀರ್ಮಾನಿಸುವಿರಿ’ ಎಂದು ಕೇಳಿ ನೋಡಿ; ಒಂದು ತರಗತಿ ಪೂರ್ತಿ ಅದರಲ್ಲೇ ಕಳೆಯುತ್ತದೆ.

ಉತ್ತರ 3: ಕಾಫಿ ಬೆಳೆಗಾರ, ಮೂಡಿಗೆರೆ

ಟ್ಯಾಗ್‌ಗಳ ಬಗ್ಗೆ ಎಲ್ಲರೂ ಉತ್ಸಾಹದಿಂದ ಬರೆಯುತ್ತಿದ್ದೀರಿ. ಹವ್ಯಾಸಿ ಪಕ್ಷಿವೀಕ್ಷಕನಾಗಿ ನನ್ನದೊಂದು ಆಕ್ಷೇಪ. ಅಳಿವಿನಂಚಿನಲ್ಲಿರುವ ಹಕ್ಕಿಯನ್ನು ಹಿಡಿದು, ಬೆನ್ನಿಗೆ ಯಂತ್ರ ಕಟ್ಟಿ ಬಿಟ್ಟರೆ, ಅದು ತೋರಿಸುವುದು ರಣಹದ್ದಿನ ಸಹಜ ಬದುಕನ್ನೋ ಅಥವಾ ಭಾರ ಹೊತ್ತ ರಣಹದ್ದಿನ ಬದುಕನ್ನೋ?

ಉತ್ತರ 4: ಪರಿಸರ ಸಂಶೋಧಕ, ಹಾಸನ

ಸರ್, ಆಕ್ಷೇಪಕ್ಕೆ ಆಧಾರವಿದೆ. ದಕ್ಷಿಣ ಆಫ್ರಿಕಾದಲ್ಲಿ ದೂರದಿಂದ ಓದಲು ಅನುಕೂಲವೆಂದು ರೆಕ್ಕೆಯ ಚರ್ಮಕ್ಕೆ ಸಂಖ್ಯೆ ಬರೆದ ಬಿಲ್ಲೆ ಹಾಕುವ ಪದ್ಧತಿ ಬಹುಕಾಲದಿಂದ ಇದೆ. ಕೇಪ್ ರಣಹದ್ದುಗಳ ಮೇಲೆ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೆಕ್ಕೆಬಿಲ್ಲೆ ಹೊತ್ತ ಹಕ್ಕಿಗಳು ಕಾಲುಂಗುರ ಹಾಕಿದವುಗಳಿಗಿಂತ ಕಡಿಮೆ ದೂರ, ಕಡಿಮೆ ವೇಗದಲ್ಲಿ ಹಾರಿ, ಸಣ್ಣ ವ್ಯಾಪ್ತಿಯಲ್ಲಿ ಉಳಿದದ್ದು ಕಂಡಿತು. ಹಾಗಾಗಿ ಅಗ್ಗದ ಗುರುತಿಗೂ ಬೆಲೆಯಿದೆ, ಅದನ್ನು ತೆರುವುದು ಹಕ್ಕಿ. ಟ್ಯಾಗ್ ಹಾಕುವ ಕೆಲಸ ಅನುಭವಿಗಳ ಕೈಯಲ್ಲಿ, ಅನುಮತಿಯೊಂದಿಗೆ, ಕೇಳುತ್ತಿರುವ ಪ್ರಶ್ನೆಗೆ ಅದರ ಹೊರತು ಉತ್ತರವಿಲ್ಲ ಎಂದಾಗ ಮಾತ್ರ ನಡೆಯಬೇಕೆಂಬುದು ನನ್ನ ನಿಲುವು. ಫೋಟೊ ತೆಗೆದು ಹಾಕಿಕೊಳ್ಳುವ ಆಸೆಗೆ ಹಾಕಿದ ಟ್ಯಾಗ್‌ಗಳನ್ನೂ ನೋಡಿದ್ದೇನೆ.

ಉತ್ತರ 5: ನಿವೃತ್ತ ವಲಯ ಅರಣ್ಯಾಧಿಕಾರಿ, ಕಡೂರು

ಇಷ್ಟೂ ಚರ್ಚೆಯಲ್ಲಿ ಗಸ್ತು ಸಿಬ್ಬಂದಿಯ ಹೆಸರು ಬಂದಿಲ್ಲದಿರುವುದನ್ನು ನೋಡಿ ಬರೆಯುತ್ತಿದ್ದೇನೆ. ಆಫ್ರಿಕಾದಲ್ಲಿ ರಣಹದ್ದುಗಳ ನಿಗಾ ಕಾರ್ಯ ಸಂಶೋಧಕರ ಕೈಯಿಂದ ಅರಣ್ಯ ರಕ್ಷಕರ ಕೈಗೆ ಏಕೆ ಬಂತೆಂಬುದನ್ನು ವಿದ್ಯಾರ್ಥಿಗಳು ತಿಳಿಯಬೇಕು. ದಂತಕ್ಕಾಗಿ ಆನೆ ಕೊಲ್ಲುವ ಕಳ್ಳಬೇಟೆಗಾರರಿಗೆ ರಣಹದ್ದು ಶತ್ರು. ಆನೆ ಬಿದ್ದ ಸ್ವಲ್ಪ ಹೊತ್ತಿಗೆ ಆಕಾಶದಲ್ಲಿ ಸುತ್ತು ಹಾಕುವ ಹಕ್ಕಿಗಳನ್ನು ಕಂಡು ರಕ್ಷಕರು ಆ ದಿಕ್ಕಿಗೆ ಹೊರಡುತ್ತಾರೆ. ಅದನ್ನು ತಪ್ಪಿಸಲು ಬೇಟೆಗಾರರು ಕಳೇಬರಕ್ಕೇ ವಿಷ ಸುರಿಯುತ್ತಾರೆ, ಹೆಚ್ಚಾಗಿ ಕಾರ್ಬೋಫ್ಯೂರಾನ್‌ನಂತಹ ಕೃಷಿ ಕೀಟನಾಶಕ. 2012ರಿಂದ 2014ರ ನಡುವೆ ಏಳು ದೇಶಗಳಲ್ಲಿ ನಡೆದ ಇಂಥ 11 ಪ್ರಕರಣಗಳಲ್ಲಿ 155 ಆನೆಗಳೊಂದಿಗೆ 2,044 ರಣಹದ್ದುಗಳು ಸತ್ತವು. 2019ರ ಜೂನ್‌ನಲ್ಲಿ ಉತ್ತರ ಬೋಟ್ಸ್ವಾನಾದಲ್ಲಿ ಮೂರು ಆನೆಗಳ ಕಳೇಬರಗಳ ಬಳಿ 537 ರಣಹದ್ದುಗಳು ಸತ್ತು ಬಿದ್ದಿದ್ದವು. ಅವುಗಳಲ್ಲಿ 468 ಬಿಳಿಬೆನ್ನಿನವು, 17 ಬಿಳಿತಲೆಯವು. ಕ್ರೂಗರ್‌ನಂತಹ ಉದ್ಯಾನದಲ್ಲಿ 60 ಜೋಡಿಗಳಷ್ಟೇ ಎಂದು ಮೇಲೆ ಓದಿದ ಪ್ರಭೇದದ 17 ಹಕ್ಕಿಗಳು ಒಂದೇ ಘಟನೆಯಲ್ಲಿ ಹೋದವೆಂದರೆ ಏನೆಂದು ಯೋಚಿಸಿ.

ಇಲ್ಲಿ ವೇಗವೇ ಮುಖ್ಯ. ವಿಷಪ್ರಾಶನವಾದ ಹಕ್ಕಿಯ ಕಳೇಬರವೂ ವಿಷವೇ ಆದ್ದರಿಂದ, ಸಿಬ್ಬಂದಿ ತಲುಪುವುದು ತಡವಾದಷ್ಟೂ ಸಾವು ಹರಡುತ್ತದೆ. ಟ್ಯಾಗ್ ಇರುವ ಹಕ್ಕಿಯೊಂದು ನೆಲಕ್ಕಿಳಿದು ಅಲ್ಲಾಡದೆ ಉಳಿದಿದೆ ಎಂಬ ಸಂದೇಶ ಬಂದರೆ ಆ ಜಾಗಕ್ಕೆ ನೇರವಾಗಿ ಹೋಗಬಹುದು. 2025ರ ಮೇ ತಿಂಗಳಲ್ಲಿ ಕ್ರೂಗರ್‌ನಲ್ಲಿ ವಿಷ ಹಾಕಿದ ಆನೆಯ ಕಳೇಬರದ ಬಳಿ 123 ರಣಹದ್ದುಗಳು ಸತ್ತವು, ಆದರೆ 84 ಹಕ್ಕಿಗಳನ್ನು ಜೀವಂತವಾಗಿ ಎತ್ತಿಕೊಂಡು ಹೆಲಿಕಾಪ್ಟರ್‌ನಲ್ಲೂ ಆಂಬುಲೆನ್ಸ್‌ನಲ್ಲೂ ಚಿಕಿತ್ಸೆಗೆ ಸಾಗಿಸಲು ಸಾಧ್ಯವಾಯಿತು.

ಸ್ಥಳಕ್ಕೆ ಹೋದವರು ಮಾಡಬೇಕಾದ ಕೆಲಸವೂ ನಿಗಾದ ಭಾಗವೇ. ಪ್ರಭೇದವಾರು ಸತ್ತವುಗಳನ್ನು ಎಣಿಸಬೇಕು, ಪ್ರೌಢ ಹಕ್ಕಿಯೋ ಎಳೆಯದೋ ಎಂದು ಗರಿಯಿಂದ ಗುರುತಿಸಬೇಕು, ತಲೆ ಕತ್ತರಿಸಿ ಒಯ್ದಿದ್ದರೆ ಅದನ್ನು ವಿಶೇಷವಾಗಿ ದಾಖಲಿಸಬೇಕು. ತಲೆ ಇಲ್ಲದಿದ್ದರೆ ಅದು ನಾಟಿ ಔಷಧ ಮತ್ತು ನಂಬಿಕೆಯ ವ್ಯಾಪಾರಕ್ಕೆ ಸಂಬಂಧಿಸಿದ್ದಿರಬಹುದು. ಪಶ್ಚಿಮ ಆಫ್ರಿಕಾದ ಗಿನಿ-ಬಿಸಾವುನಲ್ಲಿ 2019–20ರಲ್ಲಿ 2,000ಕ್ಕೂ ಹೆಚ್ಚು ಹುಡೆಡ್ ರಣಹದ್ದುಗಳು ಸತ್ತದ್ದರ ಹಿಂದೆ ಇದ್ದದ್ದು ಆನೆಯ ಬೇಟೆಯಲ್ಲ, ಈ ವ್ಯಾಪಾರ. ಹೊಟ್ಟೆಯಲ್ಲಿನ ಪದಾರ್ಥದ ಮಾದರಿಯನ್ನು ಮುದ್ರೆ ಹಾಕಿ ಪ್ರಯೋಗಾಲಯಕ್ಕೆ ಕಳಿಸಬೇಕು, ಉಳಿದುದನ್ನು ಸ್ಥಳದಲ್ಲೇ ಸುಡಬೇಕು. 2017ರಿಂದ ಇಂಥ ಪ್ರಕರಣಗಳನ್ನು ಆಫ್ರಿಕಾ ವನ್ಯಜೀವಿ ವಿಷಪ್ರಾಶನ ದತ್ತಸಂಚಯದಲ್ಲಿ ಒಂದೆಡೆ ಸೇರಿಸುತ್ತಿದ್ದಾರೆ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರವೂ ವಿಷವಿಡುವುದು ಬೇಟೆಯೇ. ಹಸು ಹಿಡಿದ ಚಿರತೆಯ ಮೇಲಿನ ಕೋಪಕ್ಕೆ ಕಳೇಬರಕ್ಕೆ ಔಷಧ ಬೆರೆಸುವ ಬುದ್ಧಿ ನಮ್ಮ ಕಡೆಯೂ ಇಲ್ಲವೆಂದೇನಲ್ಲ. ಅಂಥ ಸ್ಥಳದಲ್ಲಿ ನಾಯಿ, ಕಾಗೆ, ಹದ್ದು ಯಾವುದು ಸತ್ತಿದ್ದರೂ ಅದನ್ನು ದಾಖಲಿಸುವ ರೂಢಿ ನಮ್ಮಲ್ಲಿ ಬರಬೇಕಾಗಿದೆ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ: ಪ್ರಾಣಿಶಾಸ್ತ್ರ ಅಧ್ಯಾಪಕಿ, ಚಿಕ್ಕಮಗಳೂರು

ಎಲ್ಲರಿಗೂ ಕೃತಜ್ಞತೆಗಳು. ಪ್ರಬಂಧದ ಚೌಕಟ್ಟೇ ಬದಲಾಗುವಷ್ಟು ಸಾಮಗ್ರಿ ದೊರೆತಿದೆ. ಇನ್ನೊಂದು ಪ್ರಾಯೋಗಿಕ ಪ್ರಶ್ನೆ ಉಳಿದಿದೆ. ಕಡೂರು, ಅರಸೀಕೆರೆ ನಡುವಿನ ಬಯಲಿನಲ್ಲಿ, ಬಾಸೂರು ಕಾವಲನ್ನೂ ಸೇರಿಸಿಕೊಂಡು, ವಿದ್ಯಾರ್ಥಿಗಳು ಒಂದು ರಸ್ತೆ ಎಣಿಕೆ ಆರಂಭಿಸಬೇಕೆಂದಿದ್ದಾರೆ. ಅದೃಷ್ಟವಿದ್ದರೆ ಬಿಳಿ ರಣಹದ್ದು (ಈಜಿಪ್ಷಿಯನ್ ರಣಹದ್ದು) ಒಂದೆರಡು ಕಂಡೀತು; ಬಹುಪಾಲು ದಿನ ಏನೂ ಕಾಣದು. ಸೊನ್ನೆಗಳೇ ತುಂಬಿದ ಹಾಳೆಯಿಂದ ಪ್ರಯೋಜನವಿದೆಯೇ? ಇದ್ದರೆ ಅದನ್ನು ಹೇಗೆ ಬರೆದಿಡಬೇಕು?

ಉತ್ತರ 6: ಪರಿಸರ ಸಂಶೋಧಕ, ಹಾಸನ

ಖಂಡಿತ ಪ್ರಯೋಜನವಿದೆ ಮೇಡಂ, ಷರತ್ತು ಒಂದೇ: ಸೊನ್ನೆಯ ಪಕ್ಕದಲ್ಲಿ ಎಷ್ಟು ಹುಡುಕಿದ ಮೇಲೆ ಆ ಸೊನ್ನೆ ಬಂತೆಂಬುದು ಬರೆದಿರಬೇಕು. ಬುರ್ಕಿನಾ ಫಾಸೊ, ಮಾಲಿ, ನೈಜರ್‌ಗಳಲ್ಲಿ 1970ರ ಸುಮಾರಿಗೆ ಒಬ್ಬ ಫ್ರೆಂಚ್ ಪಕ್ಷಿತಜ್ಞರು ರಸ್ತೆಗಳಲ್ಲಿ ಎಣಿಸಿ, ಮೂರು ದಶಕಗಳ ನಂತರ ಅವೇ ಮಾರ್ಗಗಳಲ್ಲಿ ತಾವೇ ಮತ್ತೆ ಎಣಿಸಿದರು. ಉದ್ಯಾನಗಳ ಹೊರಗೆ ದೊಡ್ಡ ರಣಹದ್ದುಗಳು ಹೆಚ್ಚುಕಡಿಮೆ ಇಲ್ಲವಾಗಿದ್ದವು. ಎರಡನೆಯ ಎಣಿಕೆಯ ಸೊನ್ನೆಗಳಿಗೆ ಬೆಲೆ ಬಂದದ್ದು ಮೊದಲನೆಯ ಎಣಿಕೆಯಲ್ಲಿ ಮಾರ್ಗ, ದೂರ, ಋತು ಎಲ್ಲವೂ ದಾಖಲಾಗಿದ್ದುದರಿಂದ.

ನೀವು ಹೀಗೆ ಮಾಡಬಹುದು. ವಾಹನ ಕಡಿಮೆ ಓಡಾಡುವ ರಸ್ತೆಯನ್ನು ಆರಿಸಿ, ಆರಂಭ ಮತ್ತು ಅಂತ್ಯದ ಬಿಂದುಗಳನ್ನು ಜಿಪಿಎಸ್‌ನಲ್ಲಿ ಗುರುತಿಸಿ. ಹೆದ್ದಾರಿ ಬೇಡ, ಅಲ್ಲಿ ನಿಧಾನ ಹೋಗುವುದೇ ಅಪಾಯ. ಬೆಳಗಿನ ತಂಪಿನಲ್ಲಿ ರಣಹದ್ದುಗಳು ಮೇಲೇಳುವುದಿಲ್ಲ. ನೆಲ ಕಾದು ಬಿಸಿಗಾಳಿ ಏಳಲು ಆರಂಭಿಸಿದ ಮೇಲೆ ಹೊರಡಿ, ಪ್ರತಿ ಬಾರಿಯೂ ಅದೇ ಹೊತ್ತಿಗೆ. ಚಾಲಕರನ್ನು ಬಿಟ್ಟು ನೋಡುವವರು ಇಬ್ಬರಿರಲಿ, ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ. ಮೂರನೆಯವರು ಬರೆಯಲಿ. ಹಕ್ಕಿ ಕಂಡಾಗ ರಸ್ತೆಯಿಂದ ಅದರ ಲಂಬ ದೂರ, ಕುಳಿತಿತ್ತೋ ಹಾರುತ್ತಿತ್ತೋ, ಪ್ರೌಢವೋ ಎಳೆಯದೋ ಎಂಬುದನ್ನು ಅಲ್ಲೇ ಬರೆಯಬೇಕು. ಬಿಳಿ ರಣಹದ್ದಿನ ಎಳೆಯ ಹಕ್ಕಿ ಕಂದು ಬಣ್ಣದ್ದು, ಅದನ್ನು ಹದ್ದೆಂದು ಬಗೆಯುವವರು ಹಲವರು. ರಣಹದ್ದಿಗಷ್ಟೇ ಕಾಯದೆ ಎಲ್ಲ ಬೇಟೆಹಕ್ಕಿಗಳನ್ನೂ ಎಣಿಸಿ; ಕಾವಲಿನ ಮೇಲೆ ಚಳಿಗಾಲಕ್ಕೆ ಬರುವ ಸೆಳೆವಗಳೂ (ಹ್ಯಾರಿಯರ್ ಹಕ್ಕಿಗಳು) ಹಾಳೆಯಲ್ಲಿ ಸೇರಿದರೆ ವಿದ್ಯಾರ್ಥಿಗಳಿಗೆ ಬೇಸರವಾಗದು, ದತ್ತಾಂಶಕ್ಕೂ ತೂಕ ಬರುತ್ತದೆ.

ಇದರ ಜೊತೆಗೆ ಇನ್ನೊಂದು ಹಾಳೆ ಇರಲಿ, ನನಗೆ ಅದೇ ಹೆಚ್ಚು ಮುಖ್ಯವೆನಿಸುತ್ತದೆ. ಆ ಮಾರ್ಗದ ಹಳ್ಳಿಗಳಲ್ಲಿ ಸತ್ತ ದನ, ಕುರಿಗಳನ್ನು ಈಗ ಎಲ್ಲಿ ಹಾಕುತ್ತಾರೆ, ಹೂಳುತ್ತಾರೋ ಬಯಲಿಗೆ ಬಿಡುತ್ತಾರೋ, ಸಾಯುವ ಮುನ್ನ ಯಾವ ನೋವುನಿವಾರಕ ಕೊಡಲಾಗಿತ್ತು ಎಂಬುದನ್ನು ಕುರಿಗಾರರನ್ನೂ ಪಶುವೈದ್ಯರನ್ನೂ ಕೇಳಿ ಬರೆದುಕೊಳ್ಳಲಿ. ಡೈಕ್ಲೋಫೆನಾಕ್‌ನ ಪಶುಬಳಕೆ 2006ರಲ್ಲಿ ನಿಂತರೂ ಕೀಟೋಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್‌ಗಳ ಪಶುಬಳಕೆಗೆ ನಿಷೇಧ ಬಂದದ್ದು 2023ರಲ್ಲಿ. ಮೆಲಾಕ್ಸಿಕಾಮ್ ರಣಹದ್ದುಗಳಿಗೆ ಸುರಕ್ಷಿತವೆಂದು ಪರೀಕ್ಷೆಗಳಿಂದ ದೃಢಪಟ್ಟಿದೆ. ಊರಿನ ಔಷಧ ಅಂಗಡಿಯಲ್ಲಿ ಇವುಗಳಲ್ಲಿ ಯಾವುದು ಸಿಗುತ್ತದೆ, ಯಾವುದನ್ನು ಜನ ಕೇಳಿ ಪಡೆಯುತ್ತಾರೆ ಎಂಬ ಮಾಹಿತಿ ಯಾವ ರಸ್ತೆ ಎಣಿಕೆಯಲ್ಲೂ ಸಿಗುವುದಿಲ್ಲ. ಹಾಳೆಯ ಮಾದರಿಯೊಂದನ್ನು ನಾನು ಸಿದ್ಧಪಡಿಸಿ ಇಲ್ಲಿಯೇ ಹಾಕುತ್ತೇನೆ. ಸಂಖ್ಯಾಶಾಸ್ತ್ರದ ಸರ್ ಅವರು ಕಾಲಂಗಳನ್ನು ಒಮ್ಮೆ ನೋಡಿಕೊಟ್ಟರೆ ವಿದ್ಯಾರ್ಥಿಗಳು ಮಳೆ ನಿಂತ ಮೇಲೆ ಕೆಲಸ ಆರಂಭಿಸಬಹುದು.